ತಪ್ಪುಕಾಣಿಕೆಯ ಕಾಗದ

ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಬಾರದು ಎಂದು ಸಂವಿಧಾನದಲ್ಲಿದೆ ಎಂಬುದು ನಮ್ಮ ಮನೆಯವರಿಗೆ ಗೊತ್ತಾದದ್ದು ಅಣ್ಣನಿಗೆ ಒಂದು ವರ್ಷ ಸಜೆಯಾದ ಮೇಲೆ. ಅಲ್ಲಿಯವರೆಗೆ ಆ ಪುಸ್ತಕದ ಗೋಜಿಗೆ ನಮ್ಮಲ್ಲಿ ಯಾರೂ ಹೋದವರಲ್ಲ. ತೀರ್ಪು ಬಂದ ವಾರದೊಳಗೆ ವಸಂತಪುರದ ನಮ್ಮ ಮನೆಯ ಜಗಲಿಯ ಮೇಲೆ ಕೂತವರೆಲ್ಲ ಕಾನೂನು ಪಂಡಿತರಾಗಿದ್ದರು.

ಅಣ್ಣ ಮಾಡಿದ್ದು ಇಷ್ಟು. ಮುದ್ದೆ ಗಂಟಾಗಿದೆ ಎಂದು ಅತ್ತಿಗೆಯ ಕಪಾಳಕ್ಕೆ ಹೊಡೆದ. ಎಡಗಿವಿಯ ತಮಟೆ ಹರಿದುಹೋಯಿತು. ಅದು ಮೊದಲ ಏಟೇನಲ್ಲ, ಕಿವಿಯಿಂದ ರಕ್ತ ಬಂದ ಮೊದಲ ಏಟು. ನಾಲ್ಕು ಮನೆ ಬಾಡಿಗೆಗೆ ಬಿಟ್ಟು ಕೂತು ಉಣ್ಣುವ ಗಂಡಸಿಗೆ ಮುದ್ದೆಯ ನುಣುಪಿಗಿಂತ ದೊಡ್ಡ ಚಿಂತೆ ಇನ್ನೇನಿರುತ್ತದೆ?

ಅತ್ತಿಗೆ ತವರಿಗೆ ಹೋದರು. ನಮ್ಮ ದೊಡ್ಡಪ್ಪ ಊರಿನ ಹಿರಿಯರು. ಊರು ಎಂದರೆ ಈಗ ಅಪಾರ್ಟ್‌ಮೆಂಟುಗಳ ನಡುವೆ ಉಳಿದ ಅಮ್ಮನವರ ಒಂದು ಗುಡಿ, ಅದರ ಮುಂದಿನ ಕಟ್ಟೆ, ಸುತ್ತಲಿನ ಹತ್ತಿಪ್ಪತ್ತು ಮನೆ. ಹಿರಿತನ ಮಾತ್ರ ಒಂದಂಗುಲವೂ ಸವೆದಿಲ್ಲ. ಅವರು ಪಂಚಾಯ್ತಿ ಸೇರಿಸಿ, ಅತ್ತಿಗೆಯನ್ನೂ ಕರೆಸಿ, ಅಣ್ಣ ಅಮ್ಮನವರಿಗೆ ತಪ್ಪುಕಾಣಿಕೆ ಒಪ್ಪಿಸಬೇಕು ಎಂದು ತೀರ್ಮಾನ ಹೇಳಿದರು. ನಮ್ಮಲ್ಲಿ ಅದಕ್ಕೊಂದು ಕ್ರಮವಿದೆ. ತಪ್ಪನ್ನು ಕಾಗದದಲ್ಲಿ ಪೂರ್ತಿ ಬರೆಯಬೇಕು. ಮಾಡಿದವನು ಒದ್ದೆ ಬಟ್ಟೆಯಲ್ಲಿ ಗುಡಿಯ ಮುಂದೆ ನಿಂತು ಅದನ್ನು ಎಲ್ಲರೆದುರು ಓದಬೇಕು. ಏನಾದರೂ ಮುಚ್ಚಿಟ್ಟರೆ ಕಾಣಿಕೆ ದೇವರಿಗೆ ಸೇರುವುದಿಲ್ಲ.

"ಬಿಡ್ಸಿ ಬರಿ ಮಗಳೇ. ಯಾವ ಕೈ, ಯಾವ ಕಿವಿ, ಎಲ್ಲಾ ಬರಿ. ಅಮ್ಮನೋರಿಗೆ ಮೋಸ ಮಾಡಕ್ಕಾಗಲ್ಲ" ಎಂದರು ದೊಡ್ಡಪ್ಪ.

ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ. ಬರೆದೆ. ಅಣ್ಣ ಗಡಗಡ ನಡುಗುತ್ತಾ ಓದಿ, ಇಂಗ್ಲಿಷಿನಲ್ಲಿ ಸಹಿ ಹಾಕಿದ. ಹಿರಿಯರೆಲ್ಲ ಕೆಳಗೆ ಸಹಿ ಹಾಕಿ, ಪುಳಿಯೋಗರೆ ತಿಂದು, ಒಂದು ಸಂಸಾರ ಉಳಿಸಿದೆವು ಎಂದು ಬೀಗುತ್ತಾ ಮನೆಗೆ ಹೋದರು. ಅತ್ತಿಗೆ ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋದರು.

ಕೇಸು ಮೂರು ವರ್ಷ ನಡೆಯಿತು. ನಾನು ಹೊಡೆದೇ ಇಲ್ಲ, ಅವಳೇ ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಅಣ್ಣ ಕೋರ್ಟಿನಲ್ಲಿ ಹೇಳಿದ. ಅಮ್ಮನವರಿಗೆ ನಿಜ, ಮ್ಯಾಜಿಸ್ಟ್ರೇಟರಿಗೆ ಸುಳ್ಳು. ಇಬ್ಬರಲ್ಲಿ ಜೈಲಿಗೆ ಕಳಿಸುವವರು ಯಾರು ಎಂಬಷ್ಟು ಬುದ್ಧಿ ಅವನಿಗೂ ಇತ್ತು. ತಪ್ಪುಕಾಣಿಕೆಯ ಕಾಗದ ದೊಡ್ಡಪ್ಪನ ಬೀರುವಿನಲ್ಲೇ ಭದ್ರವಾಗಿತ್ತು. ಆದರೆ ಕಿವಿ ನೋಡಿದ ಡಾಕ್ಟರು ಬಂದು ಸಾಕ್ಷಿ ಹೇಳಿದರು, ಸಜೆಯಾಯಿತು.

ಮೇಲ್ಮನವಿಗೆ ಹಿಡಿದ ವಕೀಲರು ಜೆ.ಪಿ. ನಗರದ ನಮ್ಮ ಕಟ್ಟಡದಲ್ಲೇ ಆಫೀಸು ಇಟ್ಟಿದ್ದವರು. ಖಾತೆ, ಕ್ರಯಪತ್ರ ಬಿಟ್ಟು ಬೇರೆ ಕಾಗದ ಮುಟ್ಟಿದವರಲ್ಲ. ನಮ್ಮ ಕಡೆಯ ಮನೆಮಾಲೀಕರಿಗೆ ಇದೊಂದು ಚಟ: ಡಾಕ್ಟರಾಗಲಿ ವಕೀಲರಾಗಲಿ, ನಮ್ಮ ಬಾಡಿಗೆದಾರರೇ ಆಗಬೇಕು, ಹೇಳಿದ ಮಾತು ಕೇಳುತ್ತಾರಲ್ಲ.

"ಊರೇ ಶಿಕ್ಷೆ ಕೊಟ್ಟಾಗಿದೆ ಸಾರ್. ಕಾಗ್ದ ಇದೆ, ಅದನ್ನ ಹಾಕಿ" ಎಂದರು ದೊಡ್ಡಪ್ಪ.

"ಹಾಕೋಣ ಸಾರ್, ಡಬಲ್ ಜೆಪರ್ಡಿ ಪಾಯಿಂಟ್ ಸಖತ್ತಾಗಿದೆ" ಎಂದರು ವಕೀಲರು.

"ದೊಡ್ಡಪ್ಪ, ಅದ್ರಲ್ಲಿ ಹೊಡ್ದೆ ಅಂತ ಬರ್ದಿದೆ" ಎಂದೆ.

"ಬರ್ದಿರ್ಲಿ ಬಿಡು. ತಪ್ಪೇ ಮಾಡ್ದೆ ಶಿಕ್ಷೆ ಕೊಡ್ತಾರಾ?"

ನಾನು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಖುಷಿಯಿಂದಲೇ ಸುಮ್ಮನಾದೆ.

ಮನವಿಯಲ್ಲಿ ಇನ್ನೊಂದು ಕಾರಣವೂ ಇತ್ತು. ಶಿಕ್ಷೆ ಕ್ರೂರವಾದದ್ದಂತೆ. ಅರ್ಜಿದಾರರಿಗೆ ಸಕ್ಕರೆ ಕಾಯಿಲೆ, ಮನೆಯ ಅಡುಗೆಯೇ ಆಗಬೇಕು, ನೆಲದ ಮೇಲೆ ಮಲಗಿದರೆ ಸೊಂಟ ಹಿಡಿಯುತ್ತದೆ. ಹೆಂಡತಿಯ ಎದುರು ಒದ್ದೆ ಬಟ್ಟೆಯಲ್ಲಿ ನಿಂತು ತಪ್ಪು ಓದಿದ್ದೇ ಅಮಾನವೀಯ, ಇನ್ನು ಜೈಲೂ ಏಕೆ? ಕಿವಿ ಹರಿದವರ ವಿಷಯ ಇಡೀ ಮನವಿಯಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಓದುವಾಗ ಇವರ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಸೆಷನ್ಸ್ ನ್ಯಾಯಾಧೀಶರು ಹೆಂಗಸು. ಆ ಕಾಗದವನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

"ಇದು ನಿಮ್ಮ ಕಕ್ಷಿದಾರರ ಸಹೀನಾ?"

"ಹೌದು ಮೇಡಂ, ಅವ್ರದ್ದೇ!" ವಕೀಲರ ದನಿಯಲ್ಲಿ ಹೆಮ್ಮೆಯೋ ಹೆಮ್ಮೆ.

"ಹಾಗಾದ್ರೆ ಬಚ್ಚಲಲ್ಲಿ ಜಾರಿ ಬಿದ್ದಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವರು ಕುಂಬಳಕಾಯಿಯನ್ನೇ ಹೊತ್ತು ತಂದು ಮೇಜಿನ ಮೇಲೆ ಇಟ್ಟಿದ್ದರು. ಗುಡಿಯ ಕಟ್ಟೆ ನ್ಯಾಯಾಲಯವಲ್ಲ, ಅಲ್ಲಿ ಆದದ್ದು ಕಾನೂನಿನ ಶಿಕ್ಷೆಯಲ್ಲ, ಸಕ್ಕರೆ ಕಾಯಿಲೆಗೆ ಜೈಲಿನಲ್ಲೂ ಡಾಕ್ಟರಿದ್ದಾರೆ ಎಂದು ಹೇಳಿ ಅವರು ಮೇಲ್ಮನವಿ ವಜಾ ಮಾಡಿದರು. ಅಲ್ಲಿಯವರೆಗೆ ಜಾಮೀನಿನ ಮೇಲಿದ್ದ ಅಣ್ಣ ಹದಿನೈದು ದಿನದೊಳಗೆ ಶರಣಾಗಬೇಕಿತ್ತು.

ಅಂದು ಸಂಜೆ ಜಗಲಿಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆಯೇ. ಅಷ್ಟು ಬಿಡಿಸಿ ಬರೆಯಬಾರದಿತ್ತಂತೆ. ಬಿಡಿಸಿ ಬರಿ ಎಂದವರೇ ಹೀಗೆ ಅಂದರು. ಆಮೇಲೆ ವಕೀಲರು ಹೊಸ ದಾರಿ ಹುಡುಕಿದರು. ಅತ್ತಿಗೆ ಕ್ಷಮಿಸಿದ್ದೇನೆ ಎಂದು ಬರೆದುಕೊಟ್ಟರೆ ಹೈಕೋರ್ಟಿನಲ್ಲಿ ಶಿಕ್ಷೆ ಕಡಿಮೆಯಾಗಬಹುದು.

"ನಿನ್ ಮಾತಾದ್ರೆ ಕೇಳ್ತಾಳೆ ಕಣೇ. ಒಂದೇ ಒಂದ್ ಸೈನು. ನಿಮ್ಮಣ್ಣ ಅಲ್ವಾ?" ಎಂದು ಅಮ್ಮ ಅತ್ತಳು.

ಇವರನ್ನೆಲ್ಲ ನಾನು ಇಷ್ಟು ವರ್ಷ ಮನಸ್ಸಿನಲ್ಲೇ ಬೈದಿದ್ದೇನೆ, ನಕ್ಕಿದ್ದೇನೆ, ಹೇಸಿದ್ದೇನೆ. ಆದರೂ ಕೂತು ಬರೆದೆ. ವಕೀಲರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.

ಅತ್ತಿಗೆ ಬಿಟಿಎಂ ಲೇಔಟಿನ ಒಂದು ಕೋಣೆಯಲ್ಲಿ ಬ್ಲೌಸು ಹೊಲಿದುಕೊಂಡು ಬದುಕುತ್ತಿದ್ದರು. ನನಗೆ ಮಂಚದ ಮೇಲೆ ಜಾಗ ಮಾಡಿಕೊಟ್ಟು, ಕಾಫಿ ಕೊಟ್ಟು, ಪಕ್ಕದಲ್ಲೇ ಕೂತು ಕಾಗದ ಓದಿದರು. ಓದಿ, ಮಡಿಸಿ, ನನ್ನ ತೊಡೆಯ ಮೇಲಿಟ್ಟರು.

"ಮನಸಾರೆ ಕ್ಷಮಿಸಿದ್ದೀನಿ ಅಂತ ಬರ್ದಿದ್ದೀಯ. ಬರೆಯೋಕ್ ಮುಂಚೆ ನನ್ನ ಒಂದ್ ಮಾತು ಕೇಳಿದ್ಯೇನೇ?"

"ಇಲ್ಲ" ಎಂದೆ.

ನಾನು ಕೂತಿದ್ದದ್ದು ಅವರ ಎಡಗಡೆ. ಅವರಿಗೆ ಕೇಳಿಸಲಿಲ್ಲ. ಕತ್ತು ತಿರುಗಿಸಿ ಬಲಗಿವಿ ಕೊಟ್ಟು ಕಾದರು. ಪಕ್ಕದ ಕೋಣೆಯವರಿಗೂ ಕೇಳುವ ಹಾಗೆ ನಾನು ಅದನ್ನು ಇನ್ನೊಮ್ಮೆ ಹೇಳಬೇಕಾಯಿತು.