ಬಿರುಕಿನ ಮೇಲೊಂದು ಗಾಜು

ಆಸ್ಪತ್ರೆಯ ಮೊದಲ ಮಹಡಿಯ ಕೊನೆಯ ಕೋಣೆ. ಒಂದು ಎತ್ತರದ ಮಂಚ, ಎರಡು ಕುರ್ಚಿ, ಮೊಣಕಾಲು ತಟ್ಟುವ ರಬ್ಬರ್ ಸುತ್ತಿಗೆ. ಕಿಟಕಿಯ ಮೇಲೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಸೊಂಟ ಹಿಡಿದುಕೊಂಡು ಬಂದವರನ್ನು ವೈದ್ಯರು ಸ್ಕ್ಯಾನ್‌ಗೂ ಮೊದಲು ಇಲ್ಲಿಗೆ ಕಳಿಸುತ್ತಾರೆ. ಇಲ್ಲಿನ ಫಿಸಿಯೋಥೆರಪಿಸ್ಟ್ ಎಲ್ಲರ ಬಾಯಲ್ಲೂ ಬೆನ್ನಕ್ಕ. ಯಾರಿಗೆ ಸ್ಕ್ಯಾನ್ ಬೇಕು, ಯಾರಿಗೆ ಬೇಡ ಎಂಬುದನ್ನು ಇಪ್ಪತ್ತೆರಡು ವರ್ಷಗಳಿಂದ ಕೈಯಲ್ಲಿ, ಕಿವಿಯಲ್ಲಿ ಅಳೆಯುತ್ತಿದ್ದಾರೆ. ಹಿರಿಯ ವೈದ್ಯರೊಬ್ಬರು ಈಗಲೂ ಬಾಗಿಲಲ್ಲಿ ನಿಂತು ನೋಡುವುದುಂಟು. “ನಾವು ಚೀಟಿ ಬರೆಯೋ ಹೊತ್ತಿಗೆ ಇವರು ಮನುಷ್ಯನನ್ನೇ ಓದಿರ್ತಾರೆ” ಎನ್ನುತ್ತಾರೆ.

ಗಾರೆ ಮೇಸ್ತ್ರಿ ಬಂದದ್ದು ಹೆಂಡತಿಯ ಭುಜ ಹಿಡಿದು. ಹನ್ನೊಂದು ದಿನದ ನೋವು. ಮೂಳೆ ಸವೆದಿದೆ ಎಂದು ಸ್ಕ್ಯಾನ್ ಹೇಳಿದರೆ ಕರಣೆ ಕೆಳಗಿಡುವುದೆಂದು ಆತ ಆಗಲೇ ತೀರ್ಮಾನಿಸಿದ್ದ.

“ಇವ್ರ ಗೆಳೆಯ ಹಾಗೇ ಕೆಲಸ ಬಿಟ್ರು,” ಎಂದಳು ಹೆಂಡತಿ. “ಈಗ ಮನೇಲಿ ಕೂತು ಫಿಲ್ಮ್ ನೋಡ್ತಾರೆ. ಸಿನಿಮಾ ಅಲ್ಲ, ಬೆನ್ನಿಂದು.”

ಬೆನ್ನಕ್ಕ ಅವನನ್ನು ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಮೂತ್ರದ ಹಿಡಿತ ತಪ್ಪಿದೆಯೇ? ಕೂರುವ ಜಾಗ ಮರಗಟ್ಟಿದೆಯೇ? ಜ್ವರ, ತೂಕ ಇಳಿದದ್ದು, ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್? ಒಂದೂ ಇರಲಿಲ್ಲ. ಹಿಂದಿನ ತಿಂಗಳು ಒಬ್ಬಾಕೆ ಮರಗಟ್ಟುವ ಪ್ರಶ್ನೆಗೆ ಹೂಂ ಎಂದಾಗ ಬೆನ್ನಕ್ಕನೇ ಗಾಲಿಕುರ್ಚಿ ತಳ್ಳಿಕೊಂಡು ಸ್ಕ್ಯಾನ್ ಕೋಣೆಗೆ ಓಡಿದ್ದರು.

“ನಿಮಗೆ ಸ್ಕ್ಯಾನ್ ಬೇಡ. ಈ ವಯಸ್ಸಲ್ಲಿ ನೋವೇ ಇಲ್ಲದವರ ಬೆನ್ನಲ್ಲೂ ಸವೆತ ಕಾಣ್ಸತ್ತೆ, ನರೆಗೂದಲಿನ ಹಾಗೆ.”

“ಒಳಗೆ ನೋಡ್ದೆ ಹೇಗಕ್ಕಾ ಹೇಳ್ತೀರಿ?”

“ಗೋಡೆ ಬಿರುಕು ಬಿಟ್ರೆ ನೀವು ಅಡಿಪಾಯ ಅಗೀತೀರಾ?”

“ಯಾಕೆ ಅಗೀಲಿ? ಬಾಗಿಲು ಬಿಗೀತಿದ್ಯಾ, ನೆಲ ಕುಸಿದಿದ್ಯಾ ನೋಡ್ತೀನಿ. ಇಲ್ಲಾಂದ್ರೆ ಬಿರುಕಿನ ಮೇಲೊಂದು ತುಂಡು ಗಾಜು ಅಂಟಿಸಿ ತಾರೀಖು ಬರೀತೀನಿ. ಗೋಡೆ ಅಲ್ಲಾಡಿದ್ರೆ ಗಾಜು ಒಡ್ಯತ್ತೆ. ಒಡೀದಿದ್ರೆ…”

ಮೇಸ್ತ್ರಿಯ ಕೈ ತನ್ನ ಸೊಂಟದ ಮೇಲೆ ಹೋಯಿತು.

“ಎಷ್ಟು ದಿನ ಕಾಯ್ತೀರಿ?”

“ಆರು ವಾರ.”

“ನಂದೂ ಅಷ್ಟೇ.”

ಬೆನ್ನಕ್ಕ ಚೀಟಿಯಲ್ಲಿ ತಾರೀಖು ಬರೆದರು, ಕೆಳಗೆ ತಾವು ಕೇಳಿದ ಪ್ರಶ್ನೆಗಳನ್ನೂ ಬರೆದರು. “ಇದ್ರಲ್ಲಿ ಒಂದು ಕಂಡ್ರೂ, ಕಾಲಿನ ಬಲ ಹೋದ್ರೂ, ಅವತ್ತೇ ಬನ್ನಿ. ಅಲ್ಲೀವರೆಗೆ ಮಲಗ್ಬೇಡಿ, ನಡೀರಿ. ಸದ್ಯಕ್ಕೆ ಮೂಟೆ ಬೇಡ, ಕರಣೆ ಪರ್ವಾಗಿಲ್ಲ.”

“ನಡೀರಿ ಅಂತ ನಾನೂ ಬಡ್ಕೊಂಡೆ,” ಎಂದಳು ಹೆಂಡತಿ. “ನಾನು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ.”

“ಗೋಡೆ ಮಾತಾದ್ರೆ ಕೇಳ್ತೀನಲ್ಲ, ಮಾರಾಯ್ತಿ.”

ಆರು ವಾರ ಕಳೆದು ಮೇಸ್ತ್ರಿ ಒಬ್ಬನೇ ಮೆಟ್ಟಿಲು ಹತ್ತಿ ಬಂದ. ಬೆಳಗಿನ ಹೊತ್ತು ಇನ್ನೂ ಸ್ವಲ್ಪ ಹಿಡಿಯುತ್ತದೆ ಎಂದ. ಉಗುರ ಸಂದಿಯಲ್ಲಿ ಹಸಿ ಸಿಮೆಂಟ್ ಇತ್ತು. ಕುರ್ಚಿ ಎಳೆದು ಹತ್ತಿ, ಕಿಟಕಿಯ ಮೇಲಿನ ಬಿರುಕನ್ನು ಬೆರಳಲ್ಲಿ ಸವರಿ, ಜೇಬಿನಿಂದ ಗಾಜಿನ ಪಟ್ಟಿ ತೆಗೆದು ಅಂಟಿಸಿದ. ಪಕ್ಕದಲ್ಲಿ ತಾರೀಖು ಬರೆದ.

ಅದಾಗಿ ಎರಡು ವರ್ಷ. ಗಾಜು ಒಡೆದಿಲ್ಲ. ಒಳಗೆ ನೋಡಲೇಬೇಕು ಎಂದು ಹಟ ಹಿಡಿದು ಬಂದವರಿಗೆ ಬೆನ್ನಕ್ಕ ಮೊದಲು ಅದನ್ನು ತೋರಿಸುತ್ತಾರೆ.