ಮುಂಡಗೋಡದ ಪರದೇಶಿ

ನನ್ನ ಅಣ್ಣ ಹನ್ನೆರಡು ವರ್ಷ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು. ಹೀಗೆಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: “ಟಿವಿಯಾಗ ಬರ್ತಾನೇನು?” ಇಲ್ಲ, ಬರುವುದಿಲ್ಲ. ಟಿವಿಯಲ್ಲಿ ಬರುವವರ ಕೆಳಗೆ ಎರಡನೇ ದರ್ಜೆ, ಮೂರನೇ ದರ್ಜೆ ಎಂದು ಮೆಟ್ಟಿಲುಗಳಿರುತ್ತವೆ. ಅಣ್ಣ ಗೋವಾದಲ್ಲಿ ಎರಡನೆಯದರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳಿದ. ಬೇಸಿಗೆ ಮುಗಿಯುವ ಹೊತ್ತಿಗೆ ಕರಾರೂ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಮತ್ತೊಂದು ತಂಡದ ಬಾಗಿಲು ಬಡಿಯಬೇಕಾಗುತ್ತಿತ್ತು. ಅವನದು ರಕ್ಷಣೆಯ ಆಟ. ಗೋಲು ಹೊಡೆಯುವವನಲ್ಲ, ಹೊಡೆಯಲು ಬಂದವನನ್ನು ತಡೆಯುವವನು. ತಡೆದವನ ಫೋಟೋ ಯಾರೂ ತೆಗೆಯುವುದಿಲ್ಲ.

ನಮ್ಮ ಮನೆ ಹಳಿಯಾಳ ತಾಲೂಕಿನ ಸಾಂಬ್ರಾಣಿಯ ಹತ್ತಿರ. ನಾವು ಸಿದ್ದಿಗಳು. ನಮ್ಮ ಹಿರಿಯರು ಆಫ್ರಿಕಾದಿಂದ ಯಾವಾಗ ಬಂದರು, ಹೇಗೆ ಬಂದರು ಎಂಬುದಕ್ಕೆ ಬೇರೆಯವರ ಹತ್ತಿರ ಹತ್ತು ಕಥೆಗಳಿವೆ. ನಮ್ಮ ಹತ್ತಿರ ಇರುವುದು ರೇಷನ್ ಕಾರ್ಡು. ನಾನು ಒಂದು ವರ್ಷದವಳಿದ್ದಾಗ ಅಪ್ಪ ತೀರಿಕೊಂಡ. ಅಣ್ಣನಿಗೆ ಆಗ ಹನ್ನೊಂದು. ಅದೇ ವರ್ಷ ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸಲು ಒಬ್ಬರು ಬಂದಿದ್ದರಂತೆ. ಓಡಿಸಿ ನೋಡುವ ಮುಂಚೆಯೇ ಅವನ ಮೀನಖಂಡ ಮುಟ್ಟಿ, “ಇವರ ರಕ್ತದಾಗ ಐತಿ” ಎಂದರಂತೆ. ಅವ್ವ ಈ ಮಾತನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಹಳಿಯಾಳದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲಲು ಶುರು ಮಾಡಿದ ಮೇಲೆ ಇದೇ ಮಾತನ್ನು ಹಿಡಿದು ಅಣ್ಣನನ್ನು ಪೀಡಿಸಿದೆ.

“ರಕ್ತದಾಗ ಇದ್ರ ನಸುಕಿನ್ಯಾಗ ಎದ್ದು ಯಾಕ ಓಡ್ತಿ? ಮಕ್ಕೊ. ರಕ್ತ ಅದರಷ್ಟಕ್ಕ ಅದು ಆಡ್ತೈತಿ.”

“ರಕ್ತ ಅಷ್ಟ ಅಲ್ಲ ತಂಗಿ, ಹಾಸ್ಟೆಲ್ದಾಗ ದಿನಾ ತತ್ತಿ ಕೊಡ್ತಿದ್ರು,” ಎಂದ.

ಅವನು ವಾದ ಮಾಡುವುದೇ ಹೀಗೆ. ನಾನು ಮೂರು ಅಂಶಗಳನ್ನು ಕಟ್ಟಿಕೊಂಡು ಹೋದರೆ ಅವನು ಒಂದು ತತ್ತಿ ಇಟ್ಟು ಎದ್ದು ಹೋಗುತ್ತಾನೆ.

ಮನೆಗೆ ಬಂದಾಗಲೆಲ್ಲ ಫೋನಿನಲ್ಲಿ ಇಂಗ್ಲೆಂಡಿನ ಆಟ ನೋಡುತ್ತಿದ್ದ. ದೊಡ್ಡ ತಂಡಗಳದ್ದಲ್ಲ, ಅಲ್ಲಿನ ನಾಲ್ಕನೇ ದರ್ಜೆಯದು. ಕೆಸರು ಮೈದಾನ, ಅರ್ಧ ಖಾಲಿ ಕಟ್ಟೆಗಳು, ಛತ್ರಿ ಹಿಡಿದ ಮುದುಕರು. ಅಲ್ಲೊಬ್ಬ ಬೋಳುತಲೆಯ ರಕ್ಷಣೆಯವನಿದ್ದ. ವರ್ಷಕ್ಕೊಂದು ತಂಡ ಬದಲಾಯಿಸುತ್ತಿದ್ದ. ಅಣ್ಣ ಅವನ ಬೆನ್ನು ಹತ್ತಿ ತಂಡದಿಂದ ತಂಡಕ್ಕೆ ಹೋಗುತ್ತಿದ್ದ. “ಇಂವ ನನ್ನಂಗ ನೋಡು. ಕಾಲು ಹೋಗ್ಯಾವ, ತಲಿ ಐತಿ.” ಒಮ್ಮೆ ಆಟ ನಿಲ್ಲಿಸಿ ಆ ಮನುಷ್ಯನ ಬೆನ್ನನ್ನು ದೊಡ್ಡದು ಮಾಡಿ ತೋರಿಸಿದ. ಅಂಗಿಯ ಮೇಲೆ ಹೆಸರಿತ್ತು. “ನಾಕನೇ ದರ್ಜೆ ಆದ್ರೂ ಅಂವಂದ ಹೆಸರು ಹಾಕ್ಯಾರ.”

ಯಾಕೆ ಹಾಗೆಂದ ಎಂದು ನನಗೆ ಆಗ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು.

ಹೋದ ವರ್ಷ ಯಾವ ದರ್ಜೆಯ ತಂಡವೂ ಅವನನ್ನು ತೆಗೆದುಕೊಳ್ಳಲಿಲ್ಲ. ಮೂವತ್ತೊಂದು ವಯಸ್ಸು, ಕೆಟ್ಟ ಎಡ ಮೊಣಕಾಲು. ಆಗ ಸೆವೆನ್ಸ್ ತಂಡವೊಂದರ ಮ್ಯಾನೇಜರ್ ಕರೆದ. ಸೆವೆನ್ಸ್ ಅಂದರೆ ಏಳೇಳು ಜನರ ಆಟ. ಊರಿಂದೂರಿಗೆ ಗಾಡಿಯಲ್ಲಿ ಹೋಗಿ ಟೂರ್ನಮೆಂಟು ಆಡುವುದು. ಇಂಥ ತಂಡಗಳಲ್ಲಿ ಆಫ್ರಿಕಾದ ಒಂದಿಬ್ಬರು ಇದ್ದರೆ ಜನ ಸೇರುತ್ತಾರೆ. ಮ್ಯಾನೇಜರನ ಬಳಿ ಆಫ್ರಿಕಾದವರು ಇರಲಿಲ್ಲ, ನನ್ನ ಅಣ್ಣ ಇದ್ದ. ಆಫ್ರಿಕಾದ ಹೆಸರೊಂದನ್ನು ಅಂಗಿಯ ಮೇಲೆ ಹಚ್ಚಿಸಿ ಕೊಟ್ಟು, ಒಂದೇ ಷರತ್ತು ಹಾಕಿದ: ಮೈದಾನದಲ್ಲಿ ಬಾಯಿ ಬಿಡಬಾರದು.

ರಕ್ಷಣೆಯವನ ಅರ್ಧ ಆಟ ಬಾಯಲ್ಲಿರುತ್ತದೆ. ಎಡಕ್ಕೆ ಬಾ, ಹಿಂದೆ ಒಬ್ಬ ಇದ್ದಾನೆ, ಬಿಡಬೇಡ ಎಂದು ಕೂಗುತ್ತಲೇ ಇರಬೇಕು. ಅಣ್ಣ ಒಂದು ವರ್ಷ ಮೂಕನಾಗಿ ಆಡಿದ. ಇದನ್ನು ಅವನು ನನಗೆ ಜೋಕಿನಂತೆ ಹೇಳಿದ. ನಾನು ನಗಲಿಲ್ಲ.

“ಅಂವ ನಿನ್ನ ಕಾಲಿಗಿ ಕೆಲಸ ಕೊಟ್ಟಿಲ್ಲ, ಮೈಬಣ್ಣಕ್ಕ ಕೊಟ್ಟಾನ. ಹಾಸ್ಟೆಲ್‌ನಾಂವ ಕಾಲು ಮುಟ್ಟಿ ಹೇಳಿದ್ದ ಸುಳ್ಳೇ ಇದು, ಅಂಗಿ ಹೊಸಾದು. ಒಲ್ಲೆ ಅನ್ನು.”

“ನಿಮ್ಮ ಚರ್ಚಾದಾಗ ಚೀಟಿ ಎತ್ತತೀರಿ,” ಎಂದ. “ಪರ ಬಂದ್ರ ಪರ ಮಾತಾಡ್ತಿ, ವಿರೋಧ ಬಂದ್ರ ವಿರೋಧ. ಹೋದ ವರ್ಷ ಅಣೆಕಟ್ಟು ಬೇಕು ಅಂತ ಕಪ್ ತಂದಿ, ಈ ವರ್ಷ ಬ್ಯಾಡ ಅಂತ ತಂದಿ. ನನಗೂ ಒಂದು ಚೀಟಿ ಬಂದೈತಿ. ನಾ ಆಡ್ತೇನಿ.”

ಆ ಎರಡು ಕಪ್ಪುಗಳು ಅವನ ತಲೆಯ ಮೇಲಿನ ಹಲಗೆಯಲ್ಲಿಯೇ ಇದ್ದವು. ಆದರೂ ನಾನು ಸೋತೆನೆಂದು ಒಪ್ಪಿಕೊಳ್ಳಲಿಲ್ಲ.

ಅವ್ವನಿಗೆ ಇದೊಂದೂ ಗೊತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಅವಳು ಮಗನ ಆಟ ನೋಡಿಯೇ ಇರಲಿಲ್ಲ. ಗೋವಾ ದೂರ, ಮನೆಯಲ್ಲಿ ಎಮ್ಮೆ. ಈ ಫೆಬ್ರುವರಿಯಲ್ಲಿ ಆ ತಂಡ ಮುಂಡಗೋಡಕ್ಕೆ ಬರುತ್ತದೆಂದು ಗೊತ್ತಾದಾಗ ಅವಳು ಎಮ್ಮೆಯನ್ನು ಪಕ್ಕದ ಮನೆಗೆ ಒಪ್ಪಿಸಿ, ಶೇಂಗಾ ಹೋಳಿಗೆ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದಳು. ಅಣ್ಣ ಫೋನಿನಲ್ಲಿ ಬೇಡವೆಂದ. ದೂಳು, ಬಿಸಿಲು ಎಂದ. ನನ್ನೊಡನೆ ಮಾತ್ರ ನಿಜ ಹೇಳಿದ: “ಗೆದ್ರ ಮುಂದಿನ ವರ್ಷನೂ ಇಟ್ಕೋತೇನಿ ಅಂದಾನ ಮ್ಯಾನೇಜರ್. ಇದು ಹೋತಂದ್ರ ಮತ್ತೊಂದು ಇಲ್ಲ. ಅವ್ವನ್ನ ಕರಕೊಂಡು ಬರಬ್ಯಾಡ.” ನಾನು ಕರೆದುಕೊಂಡು ಹೋದೆ. ಅವನು ಅವ್ವನ ಕಣ್ಣೆದುರು ನಿಂತು ಆ ಹೆಸರಿನಲ್ಲಿ ಹೇಗೆ ಆಡುತ್ತಾನೆ ನೋಡೋಣ ಎಂಬ ಹಟ ಅದು. ಇದನ್ನು ಇಲ್ಲಿ ಬರೆದಿಡಬೇಕು, ಯಾಕೆಂದರೆ ಮುಂದಿನದಕ್ಕೆ ನಾನೂ ಹೊಣೆ.

ಎರಡು ಬಸ್ಸು ಬದಲಿಸಿ ಹೋದೆವು. ಮೈದಾನದ ಅಂಚಿನಲ್ಲಿ, ಗೆರೆಗೆ ಹತ್ತಿರವೇ ಕೂತೆವು. ಮೈಕಿನವನು ತಂಡಗಳನ್ನು ಪರಿಚಯಿಸುತ್ತ ಅಣ್ಣನ ಸರದಿ ಬಂದಾಗ ದನಿ ಏರಿಸಿದ: “ಆಫ್ರಿಕಾದಿಂದ ಬಂದಿರತಕ್ಕಂಥ ಪರದೇಶಿ ಆಟಗಾರ!”

ಅವ್ವ ನನ್ನ ತೊಡೆ ಚಿವುಟಿದಳು. “ಏನಂದ ಅಂವ?”

“ಪರದೇಶದಾಂವ ಅಂತ, ಅವ್ವಾ. ಹೊರದೇಶ.”

“ಪರದೇಶಿ ಅಂದ. ನಾ ಕೇಳೇನಿ.” ಅವಳ ಮುಖ ಬಿಗಿಯಿತು. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ: ತಂದೆ ತಾಯಿ ಇಲ್ಲದವನು, ಕೇಳುವವರಿಲ್ಲದವನು. “ಅಪ್ಪ ಇಲ್ಲ, ಖರೇ. ನಾ ಸತ್ತೇನೇನು? ಇಲ್ಲೇ ಕುಂತೇನಿ.”

ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಹೆಸರು, ಷರತ್ತು, ಮುಂದಿನ ವರ್ಷದ ಕರಾರು. ಅವಳು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಆಟ ನೋಡಿದಳು.

ಎದುರಿನ ತಂಡದ ನಾಯಕ ಮುಂಡಗೋಡದ ನಿರಾಶ್ರಿತರ ಕ್ಯಾಂಪಿನ ಟಿಬೆಟನ್ ಹುಡುಗ, ಅಣ್ಣನಿಗಿಂತ ನಾಲ್ಕೈದು ವರ್ಷ ಚಿಕ್ಕವನು. ಇಲ್ಲೇ ಹುಟ್ಟಿದವನು. ಅವನ ಬಾಯಿಂದ ಅಪ್ಪಟ ನಮ್ಮ ಕಡೆಯ ಕನ್ನಡ ಉರುಳುತ್ತಿತ್ತು: “ಏ, ಬಿಡಬ್ಯಾಡ ಅಂವನ್ನ! ಬೆನ್ನ ಹತ್ತು!” ಅವನ ಕಾಗದದಲ್ಲಿ ವಿದೇಶಿ ಎಂದಿರುತ್ತದೆ, ಮೈದಾನದಲ್ಲಿ ಅವನು ಊರ ಹುಡುಗ. ಅಣ್ಣನ ಕಾಗದದಲ್ಲಿ ಹಳಿಯಾಳ ತಾಲೂಕು ಎಂದಿದೆ, ಮೈದಾನದಲ್ಲಿ ಅವನು ವಿದೇಶಿ. ಇದನ್ನು ಮುಂದಿನ ಸ್ಪರ್ಧೆಯಲ್ಲಿ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಆ ನಾಯಕ ಚೆಂಡಿಗೆ ಹಾಕಿದ ಕಾಲು ಅಣ್ಣನ ಎಡ ಮೊಣಕಾಲಿಗೆ ಬಡಿಯಿತು.

“ಯವ್ವಾ!”

ನಮ್ಮ ಮನೆಯಲ್ಲಿ ಕೊಂಕಣಿ, ಮರಾಠಿ, ಕನ್ನಡ ಎಲ್ಲ ಕಲಸಿ ಮಾತಾಡುತ್ತೇವೆ. ಆದರೆ ನೋವಾದಾಗ ಬರುವುದು ಇದೊಂದೇ. ಒಂದು ವರ್ಷ ಮುಚ್ಚಿದ್ದ ಬಾಯಿಂದ ಇಡೀ ಮೈದಾನಕ್ಕೆ ಕೇಳುವಂತೆ ಬಂತು. ಅಷ್ಟೇ ಜೋರಾಗಿ ನನ್ನ ಪಕ್ಕದಿಂದ ಉತ್ತರ ಹೋಯಿತು:

“ಏನಾತೋ ಮಗನ!”

ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. “ಆಫ್ರಿಕಾದಾಗೂ ಯವ್ವಾ ಅಂತಾರೇನಪಾ!” ಎಂದು ಹಿಂದಿನಿಂದ ಒಬ್ಬ ಕೂಗಿದ. ನಾಯಕ ನಗಲಿಲ್ಲ. ರೆಫರಿಯ ಬಳಿ ಹೋಗಿ, “ಸರ, ಇಂವಂದು ಹೆಸರು ಸುಳ್ಳು ಬರಸ್ಯಾರ. ಇಂವ ಇಲ್ಲೇದಾಂವ. ಇಂವನ ಅವ್ವ ಅಲ್ಲೇ ಕುಂತಾಳ” ಎಂದ. ಸುಳ್ಳು ಹೆಸರಿನವನು ಆಡಿದರೆ ತಂಡವೇ ಹೊರಗೆ, ಅದು ನಿಯಮ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕಮಿಟಿಯವರಿಬ್ಬರು ನಮ್ಮ ಕಡೆ ಬಂದರು. ಅವರ ಹಿಂದೆ ಮ್ಯಾನೇಜರ್, ಅವನ ಹಿಂದೆ ಇಬ್ಬರ ಹೆಗಲ ಮೇಲೆ ಕುಂಟುತ್ತ ಅಣ್ಣ. ಯವ್ವಾ ಅನ್ನುವುದನ್ನು ಜೊತೆಯ ಆಟಗಾರರಿಂದ ಕಲಿತಿದ್ದಾನೆ ಎಂದು ಮ್ಯಾನೇಜರ್ ಹಿಂದಿಯಲ್ಲಿ ಹೇಳುತ್ತಿದ್ದ. ಕಮಿಟಿಯ ಹಿರಿಯರು ಅವನ ಮಾತು ತಡೆದು ಅವ್ವನನ್ನು ಕೇಳಿದರು:

“ಇಂವ ನಿಮ್ಮ ಮಗ ಏನ್ರಿ?”

ನನ್ನ ಬಾಯಲ್ಲಿ ಇಡೀ ಭಾಷಣ ಸಿದ್ಧವಿತ್ತು. ಹೌದು ಎಂದು ಶುರು ಮಾಡಿ ಎಲ್ಲಿಗೆ ಮುಟ್ಟಿಸಬೇಕೆಂಬುದೂ ಗೊತ್ತಿತ್ತು. ಎದ್ದು ನಿಂತೂ ಬಿಟ್ಟೆ. ಅವ್ವ ನನ್ನ ಮಣಿಕಟ್ಟು ಹಿಡಿದು ಕೆಳಗೆ ಜಗ್ಗಿದಳು. ಅವಳು ನೋಡುತ್ತಿದ್ದದ್ದು ಅಣ್ಣನನ್ನು. ಅವನು ತಲೆಯನ್ನು ಅಡ್ಡಕ್ಕೆ ಅಲ್ಲಾಡಿಸಿದ, ನಮ್ಮಿಬ್ಬರಿಗೆ ಮಾತ್ರ ಕಾಣುವಷ್ಟು.

“ಅಲ್ರಿ,” ಎಂದಳು ಅವ್ವ. “ನನ್ನ ಮಗ ಅಲ್ಲ.”

“ಮತ್ತ ಮಗನ ಅಂದ್ರಲ್ಲ?”

“ನಮ್ಮ ಕಡೆ ಬಿದ್ದಾಂವಗೂ ಮಗನ ಅಂತೇವಿ, ಬೈಬೇಕಂದ್ರೂ ಮಗನ ಅಂತೇವಿ. ನೀವು ಅನ್ನೂದಿಲ್ಲೇನ್ರಿ?”

ಹಿರಿಯರು ನಕ್ಕರು. ಅವರೂ ಅನ್ನುತ್ತಿದ್ದಿರಬೇಕು. ಆಟ ಮುಂದುವರಿಯಿತು. ನಾಯಕ ದೂರದಿಂದ ಅವ್ವನನ್ನು ಒಮ್ಮೆ ನೋಡಿದ, ಅವನಿಗೆ ಗೊತ್ತಿತ್ತು. ಅಣ್ಣ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕೊನೆಯವರೆಗೂ ಆಡಿದ. ಅವನ ತಂಡ ಒಂದು ಗೋಲಿನಿಂದ ಗೆದ್ದಿತು.

ಮಗನಲ್ಲದವನಿಗೆ ಹೋಳಿಗೆ ಕೊಡುವುದು ಹೇಗೆ? ಡಬ್ಬಿ ನಮ್ಮ ಜೊತೆಗೇ ವಾಪಸು ಬಂತು. ಬಸ್ಸಿನಲ್ಲಿ ನಾನು, “ಖರೇ ಹೇಳಬೇಕಿತ್ತು” ಎಂದೆ. ಅವ್ವ ಕಿಟಕಿಯ ಕಡೆ ತಿರುಗಿದಳು.

ನಾಲ್ಕು ದಿನದ ಮೇಲೆ ಅಣ್ಣ ಊದಿದ ಮೊಣಕಾಲಿನೊಂದಿಗೆ ಮನೆಗೆ ಬಂದ. ಅವ್ವ ಬಾಗಿಲಲ್ಲೇ ನಿಂತು, “ಬರ್ರಿ,” ಎಂದಳು. “ಕುಂದರ್ರಿ. ನೀರು ತೊಗೊರ್ರಿ.”

ಅವನು ನಕ್ಕ. ತಮಾಷೆ ಎಂದುಕೊಂಡ. ಊಟಕ್ಕೆ “ಉಣ್ರಿ” ಎಂದಳು. ಮರುದಿನ “ಎಣ್ಣಿ ಹಚ್ಕೋರಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕು ಕೂಡ ಇರಲಿಲ್ಲ. ಬಂದ ನೆಂಟರಿಗೆ ಕೊಡುವ ಮರ್ಯಾದೆ ಅಷ್ಟೇ. ಮೂರನೇ ದಿನ ಅವನು ನಗುವುದನ್ನು ಬಿಟ್ಟ.

“ಅವ್ವಾ, ಬೈಯಿ ನನ್ನ. ಬಡಿ ಬೇಕಾದ್ರ. ರೀ ಅನ್ನಬ್ಯಾಡ.”

“ನೀವು ಹೊರಗಿನವ್ರು,” ಎಂದಳು. “ಹೊರಗಿನವ್ರಿಗೆ ಹೆಂಗ ಬೈಲಿ?”

ನಾನು ನಡುವೆ ಬಾಯಿ ಹಾಕಿದೆ. ತಲೆ ಅಲ್ಲಾಡಿಸಿದವನು ಅವನು, ಸುಳ್ಳು ಹೇಳಿದವಳು ನೀನು, ಶಿಕ್ಷೆ ಅವನೊಬ್ಬನಿಗೆ ಯಾಕೆ ಎಂದೆ. ಅವ್ವ ನನ್ನ ಕಡೆ ನೋಡಿ, “ಕರಕೊಂಡು ಹೋದಾಕಿ ನೀ,” ಎಂದಳು.

ಹತ್ತನೇ ದಿನ ಮ್ಯಾನೇಜರನಿಂದ ಫೋನಿಗೆ ಮುಂದಿನ ವರ್ಷದ ಪೋಸ್ಟರು ಬಂತು. ಅಣ್ಣನ ಫೋಟೋ, ಅವನದಲ್ಲದ ಹೆಸರು, ಅವನದಲ್ಲದ ಬಾವುಟ. ಒಪ್ಪಿಗೆ ಇದ್ದರೆ ತಿಳಿಸು ಎಂದಿತ್ತು. ಅಣ್ಣ ಅದನ್ನು ನನಗೆ ತೋರಿಸಿದ. ನಾನು ಏನಾದರೂ ಹೇಳುತ್ತೇನೆಂದು ಕಾದ. ನಾನು ಫೋನನ್ನು ಅವನ ಕೈಗೇ ವಾಪಸು ಕೊಟ್ಟೆ. ಅವನು ಹೆಬ್ಬೆರಳಿನಿಂದ ನಿಧಾನವಾಗಿ ತನ್ನ ಹೆಸರು, ಅಪ್ಪನ ಹೆಸರು, ಊರು, ತಾಲೂಕು ಒತ್ತಿದ. ಇದೇ ಹೆಸರಿನಲ್ಲಾದರೆ ಆಡುತ್ತೇನೆ ಎಂದು ಬರೆದು ಕಳಿಸಿದ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ನಮ್ಮ ಬಳಿ ಲೋಕಲ್ ಆಟಗಾರರು ಬೇಕಾದಷ್ಟಿದ್ದಾರೆ.

ಯಾಕೆ ಹಾಗೆ ಬರೆದೆ ಎಂದು ಕೇಳಿದರೆ ಅಣ್ಣ ಇವತ್ತಿಗೂ ಮೊಣಕಾಲು ಎನ್ನುತ್ತಾನೆ. ಇನ್ನೊಂದು ವರ್ಷ ಅದು ತಡೆಯುತ್ತಿರಲಿಲ್ಲವಂತೆ. ನಾನು ನಂಬುವುದಿಲ್ಲ. ಆದರೆ ಬೇರೆ ಪುರಾವೆಯೂ ನನ್ನಲ್ಲಿಲ್ಲ.

ಈಗ ಅವನು ಗಣೇಶಗುಡಿಯ ಹೊಳೆಯಲ್ಲಿ ರಾಫ್ಟಿಂಗ್ ಬೋಟಿನ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಬಾಯಿ ಬಿಡಲೇಬೇಕು. ಮುಂದೆ ಬಂಡೆ ಇದೆ, ಹುಟ್ಟು ಹಾಕಿ ಎಂದು ದಿನವಿಡೀ ಕೂಗಬೇಕು. ಬಂದ ಪ್ರವಾಸಿಗರು ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರಂತೆ. ಇಂಗ್ಲೆಂಡಿನ ಆ ಬೋಳುತಲೆಯವನು ಈ ವರ್ಷ ಯಾವ ತಂಡದಲ್ಲೂ ಕಾಣುತ್ತಿಲ್ಲ. ಅಣ್ಣ ಹುಡುಕಿ ಕೊಡು ಎಂದ, ಹುಡುಕಿದೆ, ಸಿಗಲಿಲ್ಲ.

ಮ್ಯಾನೇಜರನ ಉತ್ತರ ಬಂದ ದಿನ ಅದನ್ನು ಅವ್ವನಿಗೆ ಓದಿ ಹೇಳಿದ್ದು ನಾನೇ. ಅವಳು ಸೌದೆ ಸರಿಸುತ್ತಿದ್ದಳು. ಕೈ ನಿಂತಿತು.

“ಅವತ್ತು ನಾ ಹೌದು ಅಂದಿದ್ರ ಏನಾಗತಿತ್ತು?”

“ಅವನ ಕೆಲಸ ಹೋಗತಿತ್ತು.”

“ಈಗೂ ಹೋತಲ್ಲ.” ಕೈಯಲ್ಲಿದ್ದ ಸೌದೆಯನ್ನು ಒಲೆಗೆ ತುರುಕಿದಳು. “ಹಂಗಾರ ನಾ ಯಾಕ ಅಲ್ಲ ಅಂದೆ? ಹೇಳು. ನಿನಗ ಮಾತು ಬರ್ತಾವಲ್ಲ, ಹೇಳು.”

ನನಗೆ ಪರವೂ ಗೊತ್ತಿತ್ತು, ವಿರೋಧವೂ ಗೊತ್ತಿತ್ತು. ಅವ್ವ ಒಲೆಯ ಮೇಲಿನ ಪಾತ್ರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಒಳಕೋಣೆಯ ಕಡೆ ದನಿ ಎತ್ತಿದಳು.

“ಏಳೋ. ಎಷ್ಟೊತ್ತು ಬಿದ್ಕೊಂಡಿರ್ತಿ? ಬಾ, ಉಣ್ಣು.”

ಅವಳು ತಟ್ಟೆ ಹಿಡಿದು ನಿಂತೇ ಇದ್ದಳು.