ಒಂದನೇ ನಂಬರಿನ ಬಿಲ್ಲೆ

೧೯೪೭ ಅಕ್ಟೋಬರ್ ೧೨, ಭಾನುವಾರ. ಮಧ್ಯಾಹ್ನ ಮೂರು ಗಂಟೆಗೆ ಪತ್ರಿಕೆಗಾಗಿ ಇದನ್ನು ಬರೆಯಲು ಕುಳಿತಿದ್ದೇನೆ.

ಅವರ ಎಡಗೆನ್ನೆ ಬಲಗೆನ್ನೆಗಿಂತ ಹೆಚ್ಚು ಕಪ್ಪಾಗಿತ್ತು. ಎದುರಿಗೆ ನಿಂತವರಿಗೆ ಅದು ಮೊದಲು ನೆರಳಿನಂತೆ ತೋರುತ್ತಿತ್ತು. ಅವರು ಬೆಳಕಿನ ಕಡೆಗೆ ತಿರುಗಿದರೂ ಆ ನೆರಳು ಹೋಗುತ್ತಿರಲಿಲ್ಲ. ಖಡಕವಾಸಲಾ ಕೆರೆಯ ದಕ್ಷಿಣದ ದಂಡೆಯಲ್ಲಿ, ಉತ್ತರಕ್ಕೆ ಮುಖ ಮಾಡಿದ ಒಂದೇ ಕಟ್ಟಿಗೆಯ ಬಾಕಿನ ಮೇಲೆ ಕೂತು ವರ್ಷಗಟ್ಟಲೆ ಭಾನುವಾರದ ಮಧ್ಯಾಹ್ನಗಳನ್ನು ಕಳೆದುದರ ಗುರುತು ಅದು. ಇಳಿಬಿಸಿಲು ಯಾವಾಗಲೂ ಅವರ ಎಡಕ್ಕೇ ಬೀಳುತ್ತಿತ್ತು.

ಅವರು ನಮ್ಮ ಹಾಯಿದೋಣಿ ಕ್ಲಬ್ಬಿನ ಸೆಕ್ರೆಟರಿ. ಕ್ಲಬ್ಬು ಅಂದರೆ ದೊಡ್ಡದೇನಲ್ಲ. ಹಸಿರು, ಬಿಳಿ, ನೀಲಿ ಬಣ್ಣದ ಮೂರು ಹಳೆಯ ದೋಣಿಗಳು, ತಗಡು ಹೊದಿಸಿದ ಒಂದು ಕೋಣೆ, ಒಬ್ಬ ಕಾವಲುಗಾರ, ಇಪ್ಪತ್ತರ ಆಸುಪಾಸು ಸದಸ್ಯರು. ಪುಣೆಯ ವಕೀಲರು, ಡಾಕ್ಟರರು, ಕಾಲೇಜಿನ ಅಧ್ಯಾಪಕರು, ಆಫೀಸಿನವರು. ಸೆಕ್ರೆಟರಿಯವರು ಕಾಲುವೆ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಕೆರೆಯಲ್ಲಿ ದೋಣಿ ಬಿಡಲು ಅಪ್ಪಣೆ ಪಡೆದವರೂ ಕ್ಲಬ್ಬನ್ನು ಕಟ್ಟಿದವರೂ ಅವರೇ. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸದಾಶಿವ ಪೇಟೆಯ ಒಂದು ವಾಡೆಯ ಮಾಳಿಗೆಯ ಮೇಲೆ ಒಂದು ಕೋಣೆ, ಖಾನಾವಳಿಯಲ್ಲಿ ಎರಡು ಹೊತ್ತಿನ ಊಟ.

ನನಗೆ ಅವರ ಪರಿಚಯವಾದದ್ದು ೧೯೪೫ರ ನವೆಂಬರಿನಲ್ಲಿ. ನಾನು ಆಗತಾನೆ ಧಾರವಾಡದಿಂದ ಬಂದು ಶಿವಾಜಿನಗರದ ಹವಾಮಾನ ಕಚೇರಿಗೆ ಸೇರಿದ್ದೆ. ಗಾಳಿಯ ದಿಕ್ಕು, ವೇಗ ಬರೆದಿಡುವುದು ನನ್ನ ಕೆಲಸ. ಒಂದು ಶುಕ್ರವಾರ ಕೊಡೆ ಹಿಡಿದುಕೊಂಡು ಒಬ್ಬರು ಬಂದು, ಭಾನುವಾರ ಮಧ್ಯಾಹ್ನ ಖಡಕವಾಸಲೆಯ ಕಡೆ ಗಾಳಿ ಹೇಗಿರಬಹುದು ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಬರುತ್ತಿದ್ದಷ್ಟು ಮರಾಠಿಯಲ್ಲಿ ಉತ್ತರ ಕೊಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು, ಕನ್ನಡದಲ್ಲಿ, "ಧಾರವಾಡ ಕಡೆಯವರೇನ್ರಿ? ನಿಮ್ಮ ಮರಾಠಿಯೊಳಗ ನಮ್ಮ ಊರ ಕಡೀ ಧೂಳು ಅದ" ಎಂದರು.

ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಬರತೊಡಗಿದರು. ನನ್ನನ್ನು ಗಾಳಿರಾಯರು ಎಂದು ಕರೆದರು. ನಾನು ಹೇಳಿದ ಗಾಳಿ ಬಂದಿತೋ ಇಲ್ಲವೋ ಎಂಬುದನ್ನು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಬಂದದ್ದೂ ಬಾರದ್ದೂ ಹೆಚ್ಚು ಕಡಿಮೆ ಸಮ. ಬಾರದ ವಾರ ಅವರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ಹ್ವಾದ ವಾರದ ಗಾಳಿ ಎಲ್ಲಿ ಹೋತ್ರಿ ಗಾಳಿರಾಯರ? ಇಲ್ಲೇ ಕಪಾಟಿನ್ಯಾಗ ಉಳದದೇನು?" ಕಚೇರಿಯಲ್ಲಿ ಕನ್ನಡ ತಿಳಿಯದವರೂ ಅವರ ಮುಖ ನೋಡಿ ನಗುತ್ತಿದ್ದರು. ಪುಣೆಯಲ್ಲಿ ನನಗೆ ಮೊದಲು ಗೊತ್ತಾದ ಮನುಷ್ಯ ಅವರು. ಚಳಿಗಾಲ ಮುಗಿಯುವುದರೊಳಗೆ ನಾನೂ ಸದಸ್ಯನಾದೆ.

ಸದಸ್ಯರ ಪ್ರವಾಸ ಹೊಂದಿಸುವುದು ಅವರ ವಾರದ ಕೆಲಸ. ಗುರುವಾರ ಎಲ್ಲರಿಗೂ ಕಾರ್ಡು ಬರೆಯುತ್ತಿದ್ದರು. ಶುಕ್ರವಾರ ನಮ್ಮ ಕಚೇರಿ. ಶನಿವಾರ ಹಾಯಿಗಳನ್ನು ಬಿಚ್ಚಿ ಹರಿದಲ್ಲಿ ದಪ್ಪ ಸೂಜಿಯಿಂದ ಹೊಲಿಯುವುದು. ಭಾನುವಾರ ಬೆಳಿಗ್ಗೆ ಸ್ವಾರಗೇಟಿನ ಟಾಂಗಾ ನಿಲ್ಲುವ ಕಡೆ, ಗೊತ್ತು ಮಾಡಿದ ಬಸ್ಸಿನ ಮುಂದೆ ಅವರು ಎಲ್ಲರಿಗಿಂತ ಮೊದಲು ನಿಂತಿರುತ್ತಿದ್ದರು. ಆಗಿನ್ನೂ ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸು. ಏರಿನಲ್ಲಿ ಎಲ್ಲರೂ ಇಳಿದು ನೂಕಬೇಕು. ಸಕ್ಕರೆ ರೇಷನ್ನಿನಲ್ಲಿದ್ದುದರಿಂದ ಪ್ರತಿಯೊಬ್ಬ ಸದಸ್ಯನೂ ತನ್ನ ಚಹಾಕ್ಕೆ ಬೇಕಾದ ಸಕ್ಕರೆಯನ್ನು ಪುಡಿಕೆ ಕಟ್ಟಿಕೊಂಡು ಬರಬೇಕೆಂದು ಕಾರ್ಡಿನ ಕೊನೆಗೆ ಬರೆದಿರುತ್ತಿತ್ತು. ಪುಡಿಕೆ ತರಲು ಮರೆಯುವವರು ಯಾರೆಂಬುದು ಅವರಿಗೆ ಗೊತ್ತಿತ್ತು. ಅವರ ಜೇಬಿನಲ್ಲಿ ಯಾವಾಗಲೂ ಒಂದು ಹೆಚ್ಚಿನ ಪುಡಿಕೆ ಇರುತ್ತಿತ್ತು. ತಾವು ಮಾತ್ರ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದರು.

ಚದುರಂಗದ ಆಟದಲ್ಲಿ ಜಗಳವಾಡಿಕೊಂಡವರನ್ನು ಒಂದೇ ದೋಣಿಯಲ್ಲಿ ಕೂರಿಸಬಾರದು. ಮಾವ ಅಳಿಯ ಒಂದೇ ದೋಣಿಯಲ್ಲಿದ್ದರೆ ಇಬ್ಬರೂ ಚುಕ್ಕಾಣಿಗೆ ಕೈ ಹಾಕುತ್ತಾರೆ. ಇದನ್ನೆಲ್ಲ ತೂಗಿ ನೋಡಿ ಜೋಡಿ ಮಾಡುತ್ತಿದ್ದರು. "ಗಾಳಿ ಹೊಂದಸೂದು ಹಗರ್ರಿ, ಮಂದಿ ಹೊಂದಸೂದು ಭಾಳ ಬಿರಿ" ಎಂದು ಒಮ್ಮೆ ನನಗೆ ಹೇಳಿದ್ದರು.

ಕ್ಲಬ್ಬಿಗೆ ಅವರದೇ ಒಂದು ಪದ್ಧತಿ ಇತ್ತು. ತಗಡಿನ ಕೋಣೆಯ ಗೋಡೆಗೆ ಕೊಕ್ಕೆಗಳಿದ್ದ ಒಂದು ಹಲಗೆ. ಪ್ರತಿ ಸದಸ್ಯನಿಗೂ ನಂಬರು ಕೆತ್ತಿದ ಒಂದು ಹಿತ್ತಾಳೆಯ ಬಿಲ್ಲೆ. ನೀರಿಗೆ ಇಳಿಯುವ ಮುಂಚೆ ತನ್ನ ಬಿಲ್ಲೆಯನ್ನು ಹಲಗೆಗೆ ತೂಗುಹಾಕಬೇಕು. ದಡಕ್ಕೆ ಬಂದ ಮೇಲೆ ತೆಗೆದು ಡಬ್ಬಿಯಲ್ಲಿ ಇಡಬೇಕು. ತನ್ನದನ್ನು ತಾನೇ ಹಾಕಬೇಕು, ತಾನೇ ತೆಗೆಯಬೇಕು; ಇನ್ನೊಬ್ಬರು ಮುಟ್ಟುವಂತಿಲ್ಲ. ಹಲಗೆಯ ಮೇಲೆ ಒಂದು ಬಿಲ್ಲೆ ಉಳಿದಿದ್ದರೂ ಸೆಕ್ರೆಟರಿಯವರು ದಂಡೆ ಬಿಡುತ್ತಿರಲಿಲ್ಲ. ಬಾಕು ಹಲಗೆಯ ಪಕ್ಕದಲ್ಲೇ ಇತ್ತು.

ಒಂದು ಭಾನುವಾರ ಧಾರವಾಡದ ಕಡೆಯ ನಮ್ಮ ವಕೀಲರೊಬ್ಬರು ಹಸಿರು ದೋಣಿಯನ್ನು ಒಬ್ಬರೇ ತೆಗೆದುಕೊಂಡು ಹೋದರು. ದಂಡೆಯ ತಿರುವಿನ ಆಚೆ ಅವರ ಭಾವಮೈದುನನ ಮೋಟಾರು ರಸ್ತೆಯ ಮೇಲೆ ನಿಂತಿದ್ದು ಕಂಡಿತಂತೆ. ದೋಣಿಯನ್ನು ಅಲ್ಲೇ ಒಂದು ಮರಕ್ಕೆ ಕಟ್ಟಿ, ಮೋಟಾರು ಹತ್ತಿ, ನೆಟ್ಟಗೆ ಮನೆಗೆ ಹೋಗಿಬಿಟ್ಟರು. ಸಂಜೆ ಹಲಗೆಯ ಮೇಲೆ ಅವರ ಬಿಲ್ಲೆಯೊಂದೇ ಉಳಿಯಿತು. ಸೆಕ್ರೆಟರಿಯವರು ನಮ್ಮನ್ನೆಲ್ಲ ಬಸ್ಸಿನಲ್ಲಿ ಕಳಿಸಿ ತಾವು ಉಳಿದರು. ಕಾವಲುಗಾರನೊಡನೆ ಕಂದೀಲು ಹಿಡಿದು ದಂಡೆಯುದ್ದಕ್ಕೂ ಹುಡುಕಿದಾಗ ಸಿಕ್ಕದ್ದು ಖಾಲಿ ದೋಣಿ. ಅದನ್ನು ಕಂಡ ಮೇಲೆ ಬೆಳಗಿನವರೆಗೆ ಅವರು ಹೇಗೆ ಕಾಲ ಕಳೆದರೋ ಯಾರಿಗೂ ಹೇಳಲಿಲ್ಲ. ಬೆಳಗಾದೊಡನೆ ಹಾಲಿನ ಗಾಡಿ ಹತ್ತಿ ಊರಿಗೆ ಬಂದು ವಕೀಲರ ಮನೆ ಬಾಗಿಲು ತಟ್ಟಿದರು.

ವಕೀಲರು ಚಹಾ ಕುಡಿಯುತ್ತಿದ್ದರು. ವಿಷಯ ತಿಳಿದು ದೊಡ್ಡದಾಗಿ ನಕ್ಕರು. ಒಂದು ಬಿಲ್ಲೆ ತೆಗೆಯಲು ಮರೆತದ್ದಕ್ಕೆ ಇಷ್ಟು ರಾದ್ಧಾಂತವೇ ಎಂದರು.

"ನೀವು ಮರತ್ರಿ ವಕೀಲಸಾಹೇಬ್ರ" ಎಂದರು ಇವರು, "ಹಲಗಿ ಮರೀಲಿಲ್ಲ."

ಕೊಟ್ಟ ಚಹಾವನ್ನು ಕುಡಿದು ಹೊರಟುಹೋದರಂತೆ. ಇದನ್ನು ನನಗೆ ಹೇಳಿದವರು ವಕೀಲರೇ. ಆಮೇಲೆ ಅವರು ಒಂದು ಸಲವೂ ಮರೆಯಲಿಲ್ಲ.

ಸದಸ್ಯನಾಗಿ ಎಷ್ಟೋ ತಿಂಗಳು ಕಳೆದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಸೆಕ್ರೆಟರಿಯವರು ದೋಣಿ ಹತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹಳಬರನ್ನು ವಿಚಾರಿಸಿದೆ. ಹಲಗೆ ಬಂದ ಮೇಲೆ ಹತ್ತಿಲ್ಲ ಎಂದರು. ಹಾಯಿ ಕಟ್ಟುವುದನ್ನು ನಮಗೆ ಕಲಿಸಿದವರು ಅವರೇ. ದಡದಲ್ಲಿ ನಿಂತು ಕಲಿಸಿದ್ದರು. ಅವರದೂ ಒಂದು ಬಿಲ್ಲೆ ಇತ್ತು, ಒಂದನೇ ನಂಬರಿನದು. ಎಲ್ಲಕ್ಕಿಂತ ಮೊದಲು ಮಾಡಿಸಿದ್ದು. ನಮ್ಮ ಬಿಲ್ಲೆಗಳು ಕೈಯಾಡಿ ಕೈಯಾಡಿ ಹೊಳೆಯುತ್ತಿದ್ದರೆ ಅದು ಡಬ್ಬಿಯ ತಳದಲ್ಲಿ ಕಿಲುಬು ಹಿಡಿದು ಬಿದ್ದಿತ್ತು. ಯಾಕೆ ಹೋಗುವುದಿಲ್ಲ ಎಂದು ಕೇಳಿದೆ. "ಹಲಗಿ ಬಿಟ್ಟು ಹ್ಯಾಂಗ ಹೋಗ್ಲಿರಿ?" ಎಂದರು.

ನಾನು ಕೂರುತ್ತೇನೆ ಎಂದೆ. ಅವರು ನನ್ನ ಮುಖ ನೋಡಿದರು. ಮುಂದಿನ ವಾರ ನೋಡೋಣ ಎಂದರು. ಮುಂದಿನ ವಾರ ಹಾಯಿ ಹರಿದಿದೆ ಎಂದರು. ಅದರ ಮುಂದಿನ ವಾರ ಹೊಸ ಸದಸ್ಯರು ಬರುವವರಿದ್ದರು. ಕೇಳಿದಾಗಲೆಲ್ಲ ಅವರ ಕೈ ಮಾತ್ರ ಡಬ್ಬಿಯ ಮುಚ್ಚಳದ ಮೇಲೆ ಹೋಗುತ್ತಿತ್ತು. ಕೊನೆಗೆ ಈ ವರ್ಷದ ಜನವರಿಯ ಒಂದು ಭಾನುವಾರ, ಉಳಿದವರೆಲ್ಲ ಬೇಗ ಮರಳಿ ಬಿಸಿಲು ಕಾಯಿಸುತ್ತ ಕುಳಿತಿದ್ದಾಗ, ಯಾರಿಗೂ ಹೇಳದೆ ಎದ್ದು, ಒಂದನೇ ನಂಬರನ್ನು ಹಲಗೆಗೆ ಹಾಕಿ, ಹಸಿರು ದೋಣಿಯ ಹಗ್ಗ ಬಿಚ್ಚಿದರು.

ನಾನು ಬಾಕಿನ ಮೇಲೆ ಕುಳಿತೆ.

ದೋಣಿ ಚೆನ್ನಾಗಿಯೇ ಹೋಯಿತು. ಅರ್ಧ ಕೆರೆ ದಾಟಿದ ಮೇಲೆ ಗಾಳಿ ನಿಂತಿತು. ಸಂಜೆಯವರೆಗೂ ಪಡುವಣ ಗಾಳಿ ಇರುತ್ತದೆಂದು ಶುಕ್ರವಾರ ಹೇಳಿದವನು ನಾನು. ಬಿಳಿ ಹಾಯಿ ನೀರಿನ ನಡುವೆ ಒಂದು ಹಲ್ಲಿನ ಹಾಗೆ ನಿಂತುಬಿಟ್ಟಿತು. ಮಂದಿಗೆ ಮೊದಲು ನಗೆ ಬಂತು, ಆಮೇಲೆ ಬೇಸರ ಬಂತು. ಬಸ್ಸಿನವನು ಹಾರ್ನು ಒತ್ತಿದ. ಬಸ್ಸು ಹೋಗಲಿ, ನಾನು ಉಳಿಯುತ್ತೇನೆ ಎಂದೆ, ಹೋದರು. ದಂಡೆಯ ಸದ್ದೆಲ್ಲ ಒಮ್ಮೆಗೇ ಅಡಗಿತು. ಆ ಬಾಕಿನ ಮೇಲೆ ಕೂತರೆ ನೀರು ಎಷ್ಟು ದೊಡ್ಡದಾಗಿ ಕಾಣುತ್ತದೆಂದು ನನಗೆ ಅಂದು ತಿಳಿಯಿತು. ಎಡಗೆನ್ನೆ ಸುಡುತ್ತಿತ್ತು. ಹುಟ್ಟು ಹಾಕಿಕೊಂಡು ಹೋಗಿ ಕರೆತರಲೇ ಎಂದು ಕಾವಲುಗಾರ ಕೇಳಿದ. ಹೊತ್ತು ಮುಳುಗುವತನಕ ನೋಡೋಣ ಎಂದೆ. ಅವರು ಬರಲು ಮನಸ್ಸಿಲ್ಲದೆ ನಿಂತಿದ್ದಾರೆಯೇ ಎಂಬ ಅನುಮಾನವೂ ಬಂದುಹೋಯಿತು. ನಡುನಡುವೆ ತಿರುಗಿ ಹಲಗೆಯನ್ನು ನೋಡುತ್ತಿದ್ದೆ.

ಸೂರ್ಯ ಗುಡ್ಡಕ್ಕೆ ತಾಗುವ ಹೊತ್ತಿಗೆ ಗಾಳಿ ಎದ್ದಿತು. ದೋಣಿ ನಮ್ಮ ಕಡೆಗೆ ತಿರುಗಿತು. ದಕ್ಷಿಣಕ್ಕೆ ಮುಖ ಮಾಡಿ ಬರುತ್ತಿದ್ದರಿಂದ ಬಿಸಿಲು ಅವರ ಬಲಗೆನ್ನೆಯ ಮೇಲೆ ಬಿದ್ದಿತ್ತು. ಆ ಕೆನ್ನೆಯ ಮೇಲೆ ಬಿಸಿಲನ್ನು ನಾನು ಎಂದೂ ಕಂಡಿರಲಿಲ್ಲ. ಬೇರೆ ಯಾರೋ ಬರುತ್ತಿದ್ದಾರೆ ಎನಿಸಿತು.

ದಡಕ್ಕೆ ಇಳಿದು ಸುತ್ತ ನೋಡಿ, "ಬಸ್ಸು ಹೋತಲ್ರಿ. ನೀವ್ಯಾಕ ಉಳದ್ರಿ?" ಎಂದರು.

"ಬಿಲ್ಲಿ ಇನ್ನೂ ಮ್ಯಾಲೆ ಅದಲ್ರಿ" ಎಂದೆ.

ಅವರು ಕೈ ಒರೆಸಿಕೊಂಡು ಬಿಲ್ಲೆ ತೆಗೆದರು. ಅದನ್ನು ಮುಷ್ಟಿಯಲ್ಲಿ ಇಟ್ಟುಕೊಂಡೇ ನನ್ನ ಪಕ್ಕ ಕುಳಿತು, ಅಲ್ಲಿಯವರೆಗೆ ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು. ಆರೇಳು ವರ್ಷದವರಿದ್ದಾಗ ಕೃಷ್ಣಾ ನದಿ ದಾಟಿ ಮನೆಮಂದಿಯೆಲ್ಲ ಯಾವುದೋ ಮದುವೆಗೆ ಹೋಗಿದ್ದರಂತೆ. ತಾಯಿ ಇರಲಿಲ್ಲ, ಚಿಕ್ಕಪ್ಪನ ಮನೆಯಲ್ಲಿ ಬೆಳೆದವರು. ಮರಳುವಾಗ ನಾವೆ ತುಂಬಿತು, ಇವರು ಆಚೆ ದಂಡೆಯಲ್ಲಿ ಚಿಪ್ಪು ಆರಿಸುತ್ತ ಉಳಿದುಬಿಟ್ಟರು. ದೊಡ್ಡವರು ಪ್ರತಿಯೊಬ್ಬರೂ ಇನ್ನೊಬ್ಬರ ಕೂಡ ಇದ್ದಾನೆ ಅಂದುಕೊಂಡರು.

"ಎಲ್ಲಾರೂ ಮನೀಗೆ ಹೋಗಿ, ಕೈಕಾಲು ತೊಳಕೊಂಡು, ಊಟಕ್ಕ ಕೂತಾರ" ಎಂದರು. "ಒಂದು ತಾಟು ಹೆಚ್ಚಾತು. ಆಗ ನೆನಪಾತು ನೋಡ್ರಿ ಅವರಿಗೆ."

ಅಂದು ನಾವಿಬ್ಬರೂ ಎತ್ತಿನ ಗಾಡಿಯಲ್ಲಿ ಊರಿಗೆ ಬಂದೆವು. ದಾರಿಯಲ್ಲಿ ಅವರು ನಡುನೀರಿನಲ್ಲಿ ಗಾಳಿ ನಿಂತಾಗ ಎಷ್ಟು ನಿಶ್ಶಬ್ದವಿರುತ್ತದೆ ಎಂಬುದನ್ನು ಮಾತ್ರ ಎರಡು ಮೂರು ಸಲ ಹೇಳಿದರು.

ಮಾರ್ಚ್ ತಿಂಗಳಲ್ಲಿ ಒಂದು ಶುಕ್ರವಾರ ಅವರು ಕಚೇರಿಗೆ ಬರಲಿಲ್ಲ. ಪರಿಚಯವಾದಂದಿನಿಂದ ದೋಣಿ ಬಿಡುವ ದಿನಗಳಲ್ಲಿ ಅವರು ತಪ್ಪಿಸಿದ ಶುಕ್ರವಾರ ನನ್ನ ದಿನಚರಿಯಲ್ಲಿ ಒಂದೂ ಇರಲಿಲ್ಲ. ಮೇಲಧಿಕಾರಿಗಳನ್ನು ಕೇಳಿ ಬೇಗ ಹೊರಟೆ. ದಾರಿಯಲ್ಲಿ ಅವರ ಖಾನಾವಳಿ. ಮಾಲಕರು, ಅವರು ಎರಡು ದಿನದಿಂದ ಊಟಕ್ಕೆ ಬಂದಿಲ್ಲ, ಊರಿಗೆ ಹೋಗಿರಬೇಕು ಎಂದರು. ಅವರಿಗೆ ಹೋಗಲು ಯಾವ ಊರೂ ಇರಲಿಲ್ಲ.

ಮಾಳಿಗೆಯ ಕೋಣೆಯ ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಜ್ವರದಲ್ಲಿ ಮಲಗಿದ್ದರು. ತುಟಿ ಒಣಗಿತ್ತು, ಹೂಜಿಯಲ್ಲಿ ನೀರಿರಲಿಲ್ಲ. ನೀರು ತಂದು ಕುಡಿಸಿದೆ. ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು.

"ಇವತ್ತ ಶುಕ್ರವಾರ ಅಲ್ಲೇನ್ರಿ?"

"ಹೌದ್ರಿ."

"ನಾ ಬರಲಿಲ್ಲಂತ ಬಂದ್ರೇನು?"

"ಹೌದ್ರಿ."

"ಈ ಸಲ ಲಗೂನ ಗೊತ್ತಾತು" ಎಂದರು. ಆಮೇಲೆ ಭಾನುವಾರದ ಗಾಳಿ ಕೇಳಿದರು. ಪಡುವಣ, ಹದವಾಗಿರುತ್ತದೆ ಎಂದೆ.

ನಮ್ಮ ಸದಸ್ಯರಾದ ಡಾಕ್ಟರರನ್ನು ಕರೆತಂದೆ. ನ್ಯುಮೋನಿಯಾ ಎರಡೂ ಕಡೆ ಹಿಡಿದಿದೆ ಎಂದರು. ಶನಿವಾರ ಸಂಜೆ ತೀರಿಕೊಂಡರು. ನಾನೂ ವಕೀಲರೂ ಪಕ್ಕದಲ್ಲಿದ್ದೆವು.

ಮರುದಿನ ಗಾಳಿ ನಾನು ಹೇಳಿದಂತೆಯೇ ಬಂತು. ದೋಣಿ ಬಿಡಲಿಲ್ಲ, ಮಂದಿ ಮಾತ್ರ ಕೆರೆಗೆ ಹೋಗಿದ್ದೆವು. ವಕೀಲರು ಡಬ್ಬಿಯಿಂದ ಒಂದನೇ ನಂಬರಿನ ಬಿಲ್ಲೆಯನ್ನು ಹುಡುಕಿ ತೆಗೆದು ಹಲಗೆಗೆ ಹಾಕಿದರು. ತನ್ನದನ್ನು ತಾನೇ ಹಾಕಬೇಕೆಂಬ ನಿಯಮ ಅಲ್ಲಿಗೆ ಮುರಿಯಿತು. ಬೇರೆಯವರು ತೆಗೆಯಬಾರದೆಂಬ ನಿಯಮವನ್ನು ಯಾರೂ ಮುರಿದಿಲ್ಲ.

ಆಮೇಲೆ ಕೆಲವು ಭಾನುವಾರ ನಾನೇ ಕ್ಲಬ್ಬು ನಡೆಸಿ ನೋಡಿದೆ. ಕಾರ್ಡು ಬರೆದೆ, ಬಸ್ಸು ಗೊತ್ತು ಮಾಡಿದೆ, ಬಾಕಿನ ಮೇಲೂ ಕುಳಿತೆ. ಆದರೆ ಯಾರ ಪಕ್ಕ ಯಾರು ಕೂಡಬೇಕೆಂಬುದು ನನಗೆ ತಿಳಿಯಲಿಲ್ಲ. ಒಬ್ಬರು ಮುನಿಸಿಕೊಂಡರು, ಇಬ್ಬರಿಗೆ ವರ್ಗವಾಯಿತು, ಬಸ್ಸು ತುಂಬದಾಯಿತು. ನನಗೆ ಗಾಳಿ ಅಷ್ಟಿಷ್ಟು ಗೊತ್ತಿತ್ತು, ಮಂದಿ ಗೊತ್ತಿರಲಿಲ್ಲ. ಮಳೆಗಾಲಕ್ಕೆ ದೋಣಿಗಳನ್ನು ದಂಡೆಯ ಹಳ್ಳಿಯವರಿಗೆ ಕೊಟ್ಟು ಕೋಣೆಗೆ ಬೀಗ ಹಾಕಿದೆವು. ಹಲಗೆ ನನ್ನ ಕೋಣೆಯಲ್ಲಿದೆ. ಒಂದು ಬಿಲ್ಲೆ ಅದರ ಮೇಲಿದೆ. ಕಿಲುಬಿನ ನಡುವೆ, ಜನವರಿಯ ಆ ದಿನ ಅವರು ಮುಷ್ಟಿಯಲ್ಲಿ ಹಿಡಿದಿದ್ದ ಅಂಚಿನಲ್ಲಿ ಮಾತ್ರ, ಸ್ವಲ್ಪ ಹೊಳಪು ಉಳಿದಿದೆ. ಶುಕ್ರವಾರ ಮಧ್ಯಾಹ್ನ ಈಗಲೂ ನಾನು ಬಾಗಿಲ ಕಡೆ ನೋಡುತ್ತೇನೆ.

ಅವರ ಕಡೆಯವರಿಗೆ ಸುದ್ದಿ ಮುಟ್ಟಿಸಲು ಆಗಲಿಲ್ಲ. ಊರಿನ ಹೆಸರನ್ನು ಅವರು ಯಾರಿಗೂ ಹೇಳಿರಲಿಲ್ಲ. ಕೃಷ್ಣೆಯ ದಂಡೆ ಎಂಬುದಷ್ಟೇ ನನಗೆ ಗೊತ್ತು. ಓದುಗರಲ್ಲಿ ಆ ಕಡೆಯವರು ಇದ್ದರೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಬೇಕು. ಐವತ್ತು ವರ್ಷಗಳಿಗೂ ಹಿಂದೆ ಮದುವೆ ಮುಗಿಸಿ ಹೊಳೆ ದಾಟಿ ಬಂದು ಊಟಕ್ಕೆ ಕುಳಿತಾಗ ಒಂದು ತಾಟು ಹೆಚ್ಚಾದ ಮನೆ ನಿಮ್ಮದಾಗಿದ್ದರೆ, ಅಥವಾ ಅಂಥ ಮನೆ ನಿಮಗೆ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಒಂದು ಕಾರ್ಡು ಬರೆಯಿರಿ. ಆ ಬಿಲ್ಲೆಯನ್ನು ತೆಗೆದುಕೊಳ್ಳಲು ಯಾರಾದರೂ ಬರುವವರೆಗೆ ನಾನು ಹಲಗೆಯ ಹತ್ತಿರ ಇರುತ್ತೇನೆ.